ಬಚ್ಚಲ ನೀರಿನ ಬೆನ್ನು ಹಿಡಿದು

ಮಧುಗಿರಿ

ಇಂಗ್ಲೆಂಡಿಗೆ ಹೋಗಿ ಬಂದವನು ಎಂದು ಗೊತ್ತಾದರೆ ಜನ ರಾಣಿಯ ಅರಮನೆ ಹೇಗಿದೆ ಎಂದು ಕೇಳುತ್ತಾರೆ. ನಾನು ಅರಮನೆ ನೋಡಲಿಲ್ಲ. ಅದರ ಮುಂದೆಯೇ ಬಸ್ಸಿನಲ್ಲಿ ಹಾದುಹೋದೆನಂತೆ. ಹಡಗಿನ ಆಯಾಸಕ್ಕೆ ನನಗೆ ಆಗ ಜೋಂಪು ಹತ್ತಿತ್ತು. ಆ ದೇಶದಲ್ಲಿ ನಾನು ಕಣ್ಣಿಟ್ಟು ನೋಡಿದ್ದು ಒಂದನ್ನೇ, ಮನೆಗಳ ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆ ಎಂಬುದನ್ನು. ನನ್ನನ್ನು ಕಳಿಸಿದ್ದೂ ಅದಕ್ಕಾಗಿಯೇ. ಇದನ್ನು ಹೇಳಿದರೆ ಕೇಳಿದವರ ಮುಖ ಸಪ್ಪಗಾಗುತ್ತದೆ. ಆದರೂ ಈ ವಯಸ್ಸಿನಲ್ಲಿ ಕಣ್ಣು ಮುಚ್ಚಿದರೆ ನೆನಪಿಗೆ ಬರುವುದು ಆ ತಿಂಗಳುಗಳೇ.

ಅರವತ್ತರ ದಶಕ ಆಗತಾನೇ ಶುರುವಾಗಿತ್ತು. ನಾನು ಮಧುಗಿರಿಯಲ್ಲಿ ಹೆಲ್ತ್ ಇನ್ಸ್‌ಪೆಕ್ಟರ್. ಹುಟ್ಟಿ ಬೆಳೆದದ್ದು ಶಿರಾದಲ್ಲಿ. ಅಲ್ಲಿ ಅಬ್ಬಾಜಾನರಿಗೆ ತಗಡಿನ ಕೆಲಸದ ಸಣ್ಣ ಅಂಗಡಿ ಇತ್ತು. ಕೊರಟಗೆರೆಯಿಂದ ಪಾವಗಡದವರೆಗೆ ಸೈಕಲ್ಲಿನ ಮೇಲೆ, ಅದೃಷ್ಟವಿದ್ದ ದಿನ ಜೀಪಿನಲ್ಲಿ, ಹಳ್ಳಿಹಳ್ಳಿ ತಿರುಗುತ್ತಿದ್ದೆ. ಸಿಡುಬಿನ ಲಸಿಕೆ ಹಾಕಿಸುವುದು, ಗೋಡೆಗಳಿಗೆ ಡಿಡಿಟಿ ಹೊಡೆಸುವುದು, ಬಾವಿಗೆ ಬ್ಲೀಚಿಂಗ್ ಪೌಡರ್ ಸುರಿಸಿ ಬೈಸಿಕೊಳ್ಳುವುದು ನನ್ನ ಕೆಲಸ. ಜನ ನನ್ನನ್ನು 'ಪೌಡರ್ ಸಾಬ್ರು' ಎನ್ನುತ್ತಿದ್ದರು.

ಕೊರಟಗೆರೆ ಕಡೆಯ ಒಂದು ಹಳ್ಳಿಯಲ್ಲಿ ನನ್ನ ಕೆಲಸ ಸಿಕ್ಕಿಹಾಕಿಕೊಂಡಿತ್ತು. ಊರಿನ ಹೆಸರು ಹೇಳುವುದಿಲ್ಲ. ಯಾವ ಊರಿಗೂ ತನ್ನ ಮೋರಿಯಿಂದ ಹೆಸರು ಮಾಡುವುದು ಇಷ್ಟವಾಗುವುದಿಲ್ಲ. ಇಳಿಜಾರಿನ ಊರು. ಮೇಲಿನ ಬೀದಿಯಲ್ಲಿ ಅನುಕೂಲವಂತರು, ಮನೆಮನೆಗೂ ಬಾವಿ, ದೊಡ್ಡ ದೊಡ್ಡ ಬಚ್ಚಲು. ಕೆಳಗಿನ ಬೀದಿಯಲ್ಲಿ ಕುರಿ ಸಾಕುವ ಗೊಲ್ಲರ ಮನೆಗಳು. ಮೇಲಿನವರು ಮಿಂದ ನೀರು, ಪಾತ್ರೆ ತೊಳೆದ ನೀರು, ಕೊಟ್ಟಿಗೆಯ ನೀರು ಎಲ್ಲವೂ ಒಂದು ಹಳ್ಳವಾಗಿ ಕೆಳಗಿನ ಬೀದಿಯ ಬಾಗಿಲುಗಳ ಮುಂದೆ ಹರಿದು, ಅವರು ನೀರು ಸೇದುವ ಬಾವಿಯ ಪಕ್ಕದಲ್ಲೇ ಮಡುಗಟ್ಟುತ್ತಿತ್ತು. ಆ ಬೇಸಿಗೆ ಅಲ್ಲಿ ವಾಂತಿಭೇದಿ ಕಾಣಿಸಿಕೊಂಡು, ಈರಕ್ಕ ಎಂಬ ಹೆಂಗಸಿನ ಮೈದುನನ ಮಗಳು ತೀರಿಹೋದಳು. ಆಗ ಮೇಲಧಿಕಾರಿಗಳಿಂದ ಹುಕುಂ ಬಂತು: ನೀರನ್ನು ತಿರುಗಿಸಿ ಊರ ತುದಿಯಲ್ಲಿ ಇಂಗುಗುಂಡಿ ಮಾಡಬೇಕು.

ಊರ ತುದಿಯ ತಗ್ಗು ಜಾಗ ಈರಕ್ಕನ ಕುರಿರೊಪ್ಪ. ಮುಳ್ಳುಬೇಲಿ ಹಾಕಿ ಕುರಿ ಕೂಡುವ ಜಾಗ. ನಾನು ಹುರಿಹಗ್ಗ ಹಿಡಿದು ಸುಣ್ಣದ ಗೆರೆ ಎಳೆಸುತ್ತಿದ್ದಾಗ ಆಕೆ ಕಂಬಳಿ ಹೊದ್ದು ಬಂದು ಗೆರೆಯ ನಡುವೆ ಕೂತುಬಿಟ್ಟಳು. ನಡುವಯಸ್ಸಿನ, ಗಟ್ಟಿಮುಟ್ಟಾದ ಹೆಂಗಸು.

"ಸಾಬ್ರೆ, ಮ್ಯಾಗ್ಲೋರು ಮಿಂದಿದ್ದು ತೊಳೆದಿದ್ದು ಎಲ್ಲಾ ಇಷ್ಟು ವರ್ಸ ನಮ್ಮ ಬಾಗ್ಲಿಗೇ ಬಂತು. ಯಾರೂ ಕೇಳ್ಲಿಲ್ಲ. ಈಗ ಅದುನ್ನ ತುಂಬ್ಕೊಳ್ಳಾಕೂ ನಮ್ಮ ರೊಪ್ಪನೇ ಬೇಕಾ?"

"ನಿಮ್ಮ ಮಕ್ಕಳ ಒಳ್ಳೇದಕ್ಕೇ ಈರಕ್ಕ."

"ಮಕ್ಳ ಒಳ್ಳೇದು ಕೂಸು ಹೋದ್ಮ್ಯಾಕೆ ನೆನಪಾಯ್ತಾ ನಿಮಗೆ? ನಾ ಏಳಾಕಿಲ್ಲ ಬುಡಿ."

ಕೂಲಿಯವರು ಗುದ್ದಲಿ ಕೆಳಗಿಟ್ಟು ಬೀಡಿ ಹಚ್ಚಿದರು. ಆಕೆಯ ಕುರಿಗಳು ಬಂದು ನನ್ನ ಸುಣ್ಣದ ಗೆರೆಯನ್ನು ತುಳಿದು ಅಳಿಸಿದವು. ಅಷ್ಟಕ್ಕೆ ಕೆಲಸ ನಿಂತಿತು.

ಅದೇ ಸಮಯಕ್ಕೆ ಹಳ್ಳಿಗಳ ಆರೋಗ್ಯದ ಕೆಲಸ ನೋಡಿಕೊಂಡು ಬರಲು ಕೆಲವರನ್ನು ಹೊರದೇಶಕ್ಕೆ ಕಳಿಸುವ ಯೋಜನೆಯಲ್ಲಿ ನನ್ನ ಹೆಸರು ಬಂತು. ನಮ್ಮ ತಾಯಿ, ಅಮ್ಮಿ, ಗೌಡಗೆರೆಯ ಕಡಲೆಕಾಯಿ ಹುರಿದು ಬೆಲ್ಲದ ಜೊತೆ ಗಂಟು ಕಟ್ಟಿಕೊಟ್ಟರು. ನಮ್ಮ ಆಫೀಸಿನ ಜವಾನ ನರಸಪ್ಪ ಪಾವಗಡದವನು, ಅವನ ಮಾತಿನಲ್ಲಿ ಅರ್ಧ ತೆಲುಗು. ಬಸ್ಸು ಹತ್ತಿಸಲು ಬಂದವನು, "ಸಾರ್, ಅಕ್ಕಡ ಸಾನಾ ಚಲಿ ಅಂಟ. ಕೋಟ್ ಗೀಟ್ ನಂಬ್ಬೇಡಿ, ಇದ್ ತಗೊಂಡೋಗಿ" ಎಂದು ಕರಿಕಂಬಳಿಯೊಂದನ್ನು ಕಂಕುಳಿಗೆ ತುರುಕಿದ. ಬಸ್ಸು ತುಮಕೂರಿನ ರಸ್ತೆಗೆ ತಿರುಗುವಾಗ ನನ್ನ ತಲೆಯಲ್ಲಿದ್ದದ್ದು ಇಂಗ್ಲೆಂಡಲ್ಲ, ಸುಣ್ಣದ ಗೆರೆಯ ಮೇಲೆ ಕೂತ ಆ ಹೆಂಗಸು.

ಹಡಗು

ಬೊಂಬಾಯಿಯಲ್ಲಿ ಹಡಗು ಹತ್ತಿದೆ. ಸಮುದ್ರವನ್ನು ಅದೇ ಮೊದಲು ನೋಡಿದ್ದು. ಅಷ್ಟು ನೀರನ್ನು ಕಂಡಾಗ ನನಗೆ ಸಂತೋಷಕ್ಕಿಂತ ಹೆಚ್ಚಾಗಿ ಒಂಥರಾ ಕೋಪ ಬಂತು. ಪಾವಗಡದ ಕಡೆ ಒಂದು ಕೊಡ ನೀರಿಗೆ ಹೆಂಗಸರು ನಡೆಯುವ ದೂರವನ್ನು ಬಲ್ಲವನಿಗೆ ಹಾಗನ್ನಿಸದೆ ಇರುವುದಿಲ್ಲ.

ಏಡನ್ ತಲುಪುವವರೆಗೆ ಹೊಟ್ಟೆಯಲ್ಲಿ ಏನೂ ನಿಲ್ಲಲಿಲ್ಲ. ಕೋಣೆಯಲ್ಲಿ ಮುಖ ತೊಳೆಯುವ ಬಿಳಿಯ ಬೋಗುಣಿಯೊಂದಿತ್ತು, ನನ್ನ ದಿನದ ಬಹುಪಾಲು ಅದರ ಮುಂದೆಯೇ ಕಳೆಯಿತು. ಕೋಣೆ ನೋಡಿಕೊಳ್ಳುತ್ತಿದ್ದ ಗೋವಾದವನೊಬ್ಬ ಪಾಪ, ನಿಂಬೆಹಣ್ಣು ತಂದುಕೊಡುತ್ತಿದ್ದ. ಸ್ವಲ್ಪ ಚೇತರಿಸಿಕೊಂಡ ದಿನ ಅವನನ್ನು ಕೇಳಿದೆ: "ಇಷ್ಟು ಜನ ತೊಳೆದದ್ದೆಲ್ಲ ಎಲ್ಲಿ ಹೋಗುತ್ತೆ?"

ಅವನು ಕಿಟಕಿಯ ಕಡೆ ಕೈ ತೋರಿಸಿದ. "ಅಲ್ಲಿಗೇ. ಇನ್ನೆಲ್ಲಿಗೆ ಹೋಗಬೇಕು?"

ಎಷ್ಟು ದೊಡ್ಡ ಹಡಗಾದರೂ, ಎಷ್ಟು ಬಿಳಿಯ ಬೋಗುಣಿಯಾದರೂ, ಕೊನೆಗೆ ಕೆಳಗಿರುವವರ ಕಡೆಗೇ. ಕೆಳಗಿರುವುದು ಮೀನು ಎಂಬುದಷ್ಟೇ ವ್ಯತ್ಯಾಸ.

ಕೊನೆಯ ಮನೆ

ನನ್ನನ್ನು ಕಳಿಸಿದ್ದು ಡೆವನ್ ಎಂಬ ಸೀಮೆಯ ಹಳ್ಳಿಗೆ. ಇದರ ಹೆಸರನ್ನೂ ಹೇಳುವುದಿಲ್ಲ. ಕಾರಣ ಆಗಲೇ ಹೇಳಿದ್ದೇನೆ. ಹಸಿರು ಗುಡ್ಡಗಳ ನಡುವೆ ಒಂದೇ ಒಂದು ಬೀದಿ, ಮೇಲ್ತುದಿಯಲ್ಲಿ ಚರ್ಚು, ಕೆಳತುದಿಯಲ್ಲಿ ತೊರೆ. ಬೀದಿಯ ಕೊನೆಯ ಮನೆ ಮಿಸೆಸ್ ಟಕರ್ ಎಂಬವರದು. ಅಲ್ಲಿಯೇ ನನಗೆ ಊಟ, ವಸತಿ.

ಮಿಸೆಸ್ ಟಕರ್ ಉದ್ದನೆಯ, ಸಣಕಲು ಹೆಂಗಸು. ಗಂಡ ಅಂಚೆ ಹಂಚುತ್ತಿದ್ದವನು, ಹೋಗಿ ಕೆಲವು ವರ್ಷಗಳಾಗಿದ್ದವು. ಮಗಳು ದೂರದ ಪಟ್ಟಣದಲ್ಲಿ ನರ್ಸು. ಮನೆಯಲ್ಲಿ ಆಕೆ, ಕೋಳಿಗಳು, ಈಗ ನಾನು. ನನ್ನ ಹೆಸರು ರಹಮಾನ್ ಎಂದದ್ದು ಆಕೆಯ ಕಿವಿಗೆ ರೇಮಂಡ್ ಎಂದು ಬಿತ್ತು. ಎರಡು ಸಲ ತಿದ್ದಿದೆ. ಮೂರನೆಯ ಸಲ ಬಿಟ್ಟುಬಿಟ್ಟೆ. ಅಲ್ಲಿದ್ದಷ್ಟು ಕಾಲ ನಾನು ಆ ಮನೆಗೆ ಮಿಸ್ಟರ್ ರೇಮಂಡ್ ಆಗಿಯೇ ಇದ್ದೆ.

ಮೊದಲ ದಿನ ನಮಾಜಿಗೆ ದಿಕ್ಕು ಬೇಕಾಗಿತ್ತು. ಮೋಡದಲ್ಲಿ ಸೂರ್ಯನ ಸುಳಿವಿರಲಿಲ್ಲ. ಮೆಕ್ಕಾ ಆ ದೇಶದಿಂದ ಪೂರ್ವಕ್ಕೆ ಸ್ವಲ್ಪ ದಕ್ಷಿಣವಾಗಿ ಬರುತ್ತದೆ ಎಂದು ಹೊರಡುವ ಮುಂಚೆ ಕೇಳಿ ತಿಳಿದಿದ್ದೆ. ಮಿಸೆಸ್ ಟಕರ್‌ರನ್ನು ಪೂರ್ವ ಯಾವುದು ಎಂದು ಕೇಳಿದೆ. ಆಕೆ ಏಕೆ ಎಂದು ಕೇಳಿ, ತಿಳಿದ ಮೇಲೆ ಹೇಳಿದರು: "ನಮ್ಮ ಚರ್ಚಿನ ಬಲಿಪೀಠವೂ ಪೂರ್ವದ ತುದಿಗೇ. ಅದನ್ನು ನೋಡಿಕೊಂಡು ಒಂದಿಷ್ಟು ಬಲಕ್ಕೆ ತಿರುಗಿ." ಶಿರಾದಲ್ಲಿ ಹುಟ್ಟಿದಾಗಿನಿಂದ ಸೂರ್ಯ ಮುಳುಗುವ ಕಡೆಗೆ ನಿಂತವನು ಅಂದಿನಿಂದ ಸೂರ್ಯ ಹುಟ್ಟುವ ಕಡೆಗೆ, ಚರ್ಚನ್ನು ಗುರುತಿಟ್ಟುಕೊಂಡು ನಿಂತೆ. ಇದನ್ನು ಅಮ್ಮಿಗೆ ಹೇಳಿದಾಗ ಬಹಳ ಹೊತ್ತು ಯೋಚಿಸಿ, "ಅಲ್ಲಾಹನಿಗೆ ತಿಳಿಯುತ್ತೆ ಬಿಡು" ಅಂದರು.

ಇನ್ನೊಂದು ಪೇಚು ಕಕ್ಕಸಿನದು. ಅದು ತೋಟದ ಮೂಲೆಯಲ್ಲಿ ಹಲಗೆಯ ಸಣ್ಣ ಕೋಣೆ; ಒಳಗೆ ಬಕೆಟ್ಟು, ಪಕ್ಕದಲ್ಲಿ ಮುಚ್ಚಲು ಒಣ ಮಣ್ಣು, ಗೋಡೆಗೆ ಚುಚ್ಚಿದ ಹಳೆಯ ಪತ್ರಿಕೆ. ನೀರಿನ ಮಾತೇ ಇಲ್ಲ. ಇಂಗ್ಲೆಂಡಿನಲ್ಲಿ ಬಕೆಟ್ಟಿನ ಕಕ್ಕಸು ಇರಬಹುದೆಂದು ನಮ್ಮ ಕಡೆ ಯಾರೂ ನಂಬುವುದಿಲ್ಲ. ನಾನು ತೋಟದಲ್ಲಿ ಗಿಡಕ್ಕೆ ನೀರುಣಿಸುವ ಮೂತಿಯ ಡಬ್ಬವೊಂದನ್ನು ಹುಡುಕಿ, ತುಂಬಿ, ಅಲ್ಲಿಟ್ಟೆ. ಮಧ್ಯಾಹ್ನದ ಹೊತ್ತಿಗೆ ಅದು ಮತ್ತೆ ಗಿಡಗಳ ಪಕ್ಕ ಇರುತ್ತಿತ್ತು. ಮತ್ತೆ ಒಯ್ದಿಟ್ಟೆ. ಮತ್ತೆ ವಾಪಸಾಯಿತು. ವಾರಗಟ್ಟಲೆ ನಾವಿಬ್ಬರೂ ಮಾತಿಲ್ಲದೆ ಈ ಆಟ ಆಡಿದೆವು. ಕೊನೆಗೆ ಒಂದು ದಿನ ಆಕೆ, "ಮಿಸ್ಟರ್ ರೇಮಂಡ್, ಅಲ್ಲಿ ನೀವು ಏನು ಬೆಳೆಯುತ್ತಿದ್ದೀರಿ?" ಎಂದು ಕೇಳಿಯೇಬಿಟ್ಟರು. ನಾಚಿಕೆಯಿಂದ ವಿವರಿಸಿದೆ. ಆಕೆ ಮುಖದ ಒಂದು ಗೆರೆಯೂ ಅಲುಗದಂತೆ ಕೇಳಿಸಿಕೊಂಡರು. ಮರುದಿನ ಅಲ್ಲಿ ಹೊಸದೊಂದು ಡಬ್ಬ, ಹಸಿರು ಬಣ್ಣದ್ದು, ನೀರು ತುಂಬಿ ಇತ್ತು. ಆ ವಿಷಯವನ್ನು ಆಕೆ ಮತ್ತೆ ಎತ್ತಲಿಲ್ಲ.

ಕಲ್ಲಿನ ಹಾಸು

ನಾನು ಕೆಲಸ ನೋಡಬೇಕಾಗಿದ್ದು ಆ ಸೀಮೆಯ ಎಂಜಿನಿಯರ್ ಮಿಸ್ಟರ್ ಬೆಲ್ ಅವರ ಜೊತೆ. ದಪ್ಪ ಕನ್ನಡಕದ, ಅವಸರದ ಮನುಷ್ಯ. ಮೊದಲ ವಾರವೇ ಪಕ್ಕದ ಊರಿಗೆ ಕರೆದೊಯ್ದು, ಅಲ್ಲಿ ಆಗಲೇ ನಡೆಯುತ್ತಿದ್ದ ನೀರು ಶುದ್ಧಿಯ ಜಾಗ ತೋರಿಸಿದರು.

ನಾನು ದೊಡ್ಡ ಕಾರ್ಖಾನೆಯನ್ನು ಊಹಿಸಿಕೊಂಡಿದ್ದೆ. ಅಲ್ಲಿದ್ದದ್ದು ಹೊಲದ ಮೂಲೆಯಲ್ಲಿ ಮೂರು ಗುಂಡಿ. ಮೊದಲನೆಯದರಲ್ಲಿ ಊರಿನ ಕೊಳೆನೀರು ಬಂದು ನಿಂತು, ಗಸಿ ತಳಕ್ಕೆ ಇಳಿಯುತ್ತಿತ್ತು. ಎರಡನೆಯದು ದುಂಡನೆಯ ಕಟ್ಟೆ, ಅದರ ತುಂಬ ಮುಷ್ಟಿಗಾತ್ರದ ಕಲ್ಲು. ಕಲ್ಲುಗಳ ಮೇಲೆ ತೂತುಗಳಿದ್ದ ಉದ್ದನೆಯ ಕೊಳವೆಗಳು, ನೀರಿನ ಒತ್ತಡಕ್ಕೆ ತಾವೇ ಮೆಲ್ಲಗೆ ತಿರುಗುತ್ತ, ಕನಕಾಂಬರದ ಮಡಿಗೆ ಚಿಮುಕಿಸುವ ಹಾಗೆ ನೀರು ಉದುರಿಸುತ್ತಿದ್ದವು. ಯಂತ್ರವಿಲ್ಲ, ಹೊಗೆಯಿಲ್ಲ. ಸುಯ್ ಎಂಬ ಸದ್ದು ಮಾತ್ರ. ಕಲ್ಲಿಗೆ ಅಂಟಿದ ಲೋಳೆಯಲ್ಲಿ ಕಣ್ಣಿಗೆ ಕಾಣದ ಜೀವಿಗಳು ಕೊಳೆಯನ್ನು ತಿಂದು ಮುಗಿಸುತ್ತವೆ ಎಂದು ಪುಸ್ತಕದಲ್ಲಿ ಓದಿದ್ದೆ. ಈಗ ಒಂದು ಕಲ್ಲನ್ನು ಎತ್ತಿ ಮೂಸಿ ನೋಡಿದೆ. ಮಳೆಗಾಲದಲ್ಲಿ ಮಧುಗಿರಿ ಬೆಟ್ಟದ ಬಂಡೆ ಮೇಲೆ ಪಾಚಿ ಕಟ್ಟಿದಾಗ ಬರುತ್ತದಲ್ಲ, ಅದೇ ವಾಸನೆ. ಮನೆಬಿಟ್ಟು ಅಷ್ಟು ದೂರದಲ್ಲಿ, ಕೊಳೆನೀರಿನ ಕಟ್ಟೆಯ ಮುಂದೆ ನಿಂತು, ಊರಿನ ನೆನಪಿಗೆ ನನ್ನ ಕಣ್ಣು ಮಂಜಾಯಿತು. ಮಿಸ್ಟರ್ ಬೆಲ್ ಅದನ್ನು ನಾತದಿಂದ ಎಂದುಕೊಂಡು ಕರವಸ್ತ್ರ ಕೊಟ್ಟರು.

ಮೂರನೆಯ ಗುಂಡಿಯಲ್ಲಿ ನೀರು ತಿಳಿಯಾಗಿ, ಅಲ್ಲಿಂದ ತೊರೆಗೆ ಸೇರುತ್ತಿತ್ತು. ಬದಿಯಲ್ಲಿ ಒಣಗಲು ಹರಡಿದ್ದ ಗಸಿಯ ಮೇಲೆ ಟೊಮ್ಯಾಟೊ ಸಸಿಗಳು ತಾವಾಗಿಯೇ ಎದ್ದಿದ್ದವು. ಹಣ್ಣಾದರೂ ಊರಿನ ಯಾರೂ ಅದನ್ನು ಮುಟ್ಟುವುದಿಲ್ಲ ಎಂದು ಮಿಸ್ಟರ್ ಬೆಲ್ ಹೇಳಿದರು. ನಮ್ಮ ಕಡೆ ತಿಪ್ಪೆಗುಂಡಿಯಲ್ಲಿ ಎದ್ದ ಕುಂಬಳಬಳ್ಳಿಗೆ ಎಷ್ಟು ಪೈಪೋಟಿ ಎಂದು ನಾನು ಹೇಳಹೋಗಲಿಲ್ಲ.

ವಾಪಸು ಬರುವಾಗ ಮಿಸ್ಟರ್ ಬೆಲ್ ನಿಟ್ಟುಸಿರು ಬಿಟ್ಟು, "ನೀವು ಇಳಿದುಕೊಂಡಿರುವ ಊರಿಗೂ ಇಂಥದ್ದೇ ಆಗಬೇಕಾಗಿತ್ತು. ಆದರೆ ಒಬ್ಬಳು ಮುದುಕಿ ಜಾಗ ಬಿಡುತ್ತಿಲ್ಲ" ಎಂದರು.

"ಯಾರು?"

"ನಿಮಗೆ ಬೆಳಿಗ್ಗೆ ಮೊಟ್ಟೆ ಬೇಯಿಸಿ ಕೊಡುವವಳು."

ಅಡುಗೆಮನೆ

ಆ ಮನೆಯ ಮುಂದೆ ಹರಿಯುವ ಕಾಲುವೆಯನ್ನು ನಾನು ಬಂದ ದಿನವೇ ನೋಡಿದ್ದೆ, ಆದರೆ ಚಳಿಯಲ್ಲಿ ಅದರ ಗುಣ ಗೊತ್ತಾಗಿರಲಿಲ್ಲ. ಬಿಸಿಲು ಏರಿದಂತೆ ಗೊತ್ತಾಯಿತು. ಯುದ್ಧ ಮುಗಿದ ಮೇಲೆ ಆ ಊರಿಗೆ ನಲ್ಲಿ ಬಂತಂತೆ. ಮೇಲಿನ ಮನೆಗಳವರು ಸ್ನಾನದ ತೊಟ್ಟಿ, ನೀರೆಳೆಯುವ ಕಕ್ಕಸು ಎಲ್ಲ ಹಾಕಿಸಿಕೊಂಡರು. ನಲ್ಲಿ ಬಂತೇ ಹೊರತು ಮೋರಿ ಬರಲಿಲ್ಲ. ಹಿತ್ತಲ ಗುಂಡಿಗಳು ತುಂಬಿ ಉಕ್ಕಿ, ಎಲ್ಲವೂ ಬೀದಿಯ ಪಕ್ಕದ ಕಾಲುವೆಗಿಳಿದು, ಕೊನೆಯ ಮನೆಯ ಅಡುಗೆಮನೆ ಕಿಟಕಿಯ ಕೆಳಗೆ ಹಾದು ತೊರೆಗೆ ಹೋಗುತ್ತಿತ್ತು. ಈಗ ಶುದ್ಧಿಯ ಗುಂಡಿಗಳಿಗೆ ತಕ್ಕ ತಗ್ಗು ಜಾಗ ಇದ್ದದ್ದು ಮಿಸೆಸ್ ಟಕರ್‌ರ ಕೋಳಿ ಮೇಯುವ ಹೊಲದಲ್ಲಿ ಮಾತ್ರ. ಕಾನೂನಿನಿಂದ ಕಿತ್ತುಕೊಳ್ಳಬಹುದಿತ್ತು. ಆದರೆ ವಿಧವೆಯ ಮೇಲೆ ಕೋರ್ಟಿಗೆ ಹೋಗಲು ಊರಿನವರು ಹಿಂಜರಿದಿದ್ದರು.

ಒಂದು ಸಂಜೆ ಆಕೆ ಬಟಾಣಿ ಸುಲಿಯುತ್ತಿದ್ದರು. ಜೊತೆಗೆ ಕೂತು ನಾನೂ ಸುಲಿದೆ. ಅಮ್ಮಿ ಕಟ್ಟಿಕೊಟ್ಟ ಕಡಲೆಕಾಯಿ ಬೆಲ್ಲ ಆಕೆಗೆ ರುಚಿ ಹತ್ತಿತ್ತು, ಒಂದು ಬಟ್ಟಲಲ್ಲಿ ಅದೂ ಇತ್ತು. ಮಾತಿಗೆ ಮಾತು ಬಂದು ಈರಕ್ಕನ ಕಥೆ ಹೇಳಿದೆ. ಸುಣ್ಣದ ಗೆರೆ, ಕಂಬಳಿ, ಕುರಿ ಎಲ್ಲ. ಆಕೆ ಸುಲಿಯುವುದನ್ನು ನಿಲ್ಲಿಸಿದರು.

"ಆಮೇಲೆ? ಆಕೆ ಏನು ಬೇಕು ಅಂದಳು?"

"ಅದನ್ನು ಯಾರೂ ಕೇಳಲಿಲ್ಲ. ಜಾಗ ಕೊಡಿ ಅಂತ ಕೇಳಿದೆವು."

"ಹ್ಞೂಂ," ಎಂದರು. ಆಮೇಲೆ, ನನ್ನ ಕಡೆ ನೋಡದೆಯೇ, ಮಗಳ ವಿಷಯ ಹೇಳಿದರು. ಅವಳು ಚಿಕ್ಕವಳಿದ್ದಾಗ ಒಂದು ಬೇಸಿಗೆ ತೊರೆಯಲ್ಲಿ ಆಡಿ ಬಂದು ವಿಷಮಜ್ವರದಲ್ಲಿ ಮಲಗಿದಳಂತೆ. ಬದುಕುತ್ತಾಳೆಂದು ಡಾಕ್ಟರೇ ನಂಬಿರಲಿಲ್ಲ. ತಲೆಗೂದಲೆಲ್ಲ ಉದುರಿಹೋಯಿತು. ಮತ್ತೆ ಬಂದ ಕೂದಲಿಗೆ ಬೇರೆಯೇ ಬಣ್ಣ. "ಜೇನಿನ ಬಣ್ಣದ ಕೂದಲಿತ್ತು. ಈಗ ಅವಳು ಬಂದಾಗ ನೋಡಿ, ಇಲಿಯ ಬಣ್ಣ. ಅವಳಿಗೆ ಅದು ನೆನಪೂ ಇಲ್ಲ. ನನಗಿದೆ. ಆಗ ಮೇಲಿನಿಂದ ಯಾರೂ ಇಳಿದು ಬರಲಿಲ್ಲ, ಮಿಸ್ಟರ್ ರೇಮಂಡ್. ಈಗ ಹೊಲ ಬೇಕಾದಾಗ ಟೋಪಿ ತೆಗೆದು ಬಾಗಿಲಲ್ಲಿ ನಿಲ್ಲುತ್ತಾರೆ. ಒಳಗೆ ಬನ್ನಿ ಅಂದರೆ, ಇಲ್ಲ, ಹೊತ್ತಾಯಿತು ಅನ್ನುತ್ತಾರೆ."

"ನಿಮಗೆ ಏನು ಬೇಕು ಮಿಸೆಸ್ ಟಕರ್?"

ಆಕೆ ಬಟಾಣಿಯ ಸಿಪ್ಪೆಗಳನ್ನು ಒಟ್ಟುಮಾಡಿ ಕೋಳಿಗಳ ಡಬ್ಬಕ್ಕೆ ಹಾಕಿದರು. ಕೈ ತೊಳೆದರು. "ಅವರ ಮೀಟಿಂಗನ್ನು ಇಲ್ಲಿ ಮಾಡಲಿ. ಈ ಅಡುಗೆಮನೆಯಲ್ಲಿ. ನಾನು ಟೀ ಕೊಡುತ್ತೇನೆ, ಕೇಕ್ ಕೊಡುತ್ತೇನೆ. ಕಿಟಕಿ ತೆರೆದಿರುತ್ತದೆ. ಅಷ್ಟೇ."

ನಾನು ಅದನ್ನು ಮಿಸ್ಟರ್ ಬೆಲ್‌ಗೆ ಹೇಳಿದೆ. ಅವರು ಮೊದಲು ನಕ್ಕರು. ನಾನು ನಗಲಿಲ್ಲವಾದ್ದರಿಂದ ಊರಿನ ಮುಖಂಡರ ಬಳಿಗೆ ಹೋದರು.

ಆಗಸ್ಟಿನ ಮಧ್ಯಾಹ್ನ

ಆ ದಿನ ಇಂಗ್ಲೆಂಡಿನವರಿಗೆ ಬಹಳ ಸೆಕೆ. ನನಗೆ ಶಿರಾದ ಕಾರ್ತಿಕದಂತೆ ಹಿತವಾಗಿತ್ತು. ಕಾಲುವೆಯಲ್ಲಿ ನೀರು ಇಂಗಿ, ಉಳಿದದ್ದು ಬಿಸಿಲಿಗೆ ಬೇಯುತ್ತಿತ್ತು. ಊರಿನ ಮುಖ್ಯಸ್ಥ ನಿವೃತ್ತ ಮೇಜರ್, ಬಿಳಿಯ ಮೀಸೆಯವರು. ಅವರ ಹಿಂದೆ ಪಾದ್ರಿಯ ಹೆಂಡತಿ, ದಿನಸಿ ಅಂಗಡಿಯವರು, ಒಬ್ಬಿಬ್ಬರು ರೈತರು. ಮಿಸೆಸ್ ಟಕರ್ ತಮ್ಮ ಒಳ್ಳೆಯ ಕಪ್ಪುಗಳನ್ನೆಲ್ಲ ಇಳಿಸಿದ್ದರು. ಕೇಕಿನ ಮೇಲೆ ನೊಣ ಕೂರದಂತೆ ಜಾಲರಿಬಟ್ಟೆ ಮುಚ್ಚಿದ್ದರು. ನಾನು ಮೂಲೆಯಲ್ಲಿ ಸ್ಟೂಲಿನ ಮೇಲೆ ಕೂತೆ.

ಮೇಜರ್ ಸಭೆ ಶುರುಮಾಡಿದರು. ಸ್ವಲ್ಪ ಹೊತ್ತಿಗೆ ಪಾದ್ರಿಯ ಹೆಂಡತಿ ಕರವಸ್ತ್ರವನ್ನು ಮೂಗಿಗೆ ಹಿಡಿದರು. ಆಮೇಲೆ ಅದು ತಪ್ಪೆನಿಸಿ ತೆಗೆದು ಮಡಿಲಲ್ಲಿಟ್ಟುಕೊಂಡರು. ಮಿಸೆಸ್ ಟಕರ್ ಜಾಲರಿ ತೆಗೆದು ಎಲ್ಲರಿಗೂ ಕೇಕ್ ಕತ್ತರಿಸಿ ಕೊಟ್ಟರು. ಯಾರ ಕೈಯೂ ಬಾಯಿಗೆ ಹೋಗಲಿಲ್ಲ. ನೊಣಗಳು ಇಳಿದವು. ಅಂಗಡಿಯವರು ಎದ್ದು ಕಿಟಕಿ ಮುಚ್ಚಲು ಕೈಚಾಚಿದರು.

"ಅದು ಹಾಗೇ ಇರಲಿ," ಎಂದರು ಮಿಸೆಸ್ ಟಕರ್. "ಮುಚ್ಚಿದರೆ ಒಳಗಿರುವುದು ಒಳಗೇ ಉಳಿಯುತ್ತೆ. ನಾನು ಎರಡೂ ಮಾಡಿ ನೋಡಿದ್ದೇನೆ."

ಅಂಗಡಿಯವರು ಕೂತರು. ಮೇಜರ್ ಕಪ್ಪನ್ನು ಸಾಸರಿನಲ್ಲಿಟ್ಟರು. "ಮಿಸೆಸ್ ಟಕರ್, ಇದು ಯಾವಾಗಿನಿಂದ ಹೀಗಿದೆ?"

"ನಿಮ್ಮ ಮನೆಗೆ ಸ್ನಾನದ ತೊಟ್ಟಿ ಬಂದ ವರ್ಷದಿಂದ, ಮೇಜರ್."

ಆಕೆ ದನಿ ಎತ್ತಲಿಲ್ಲ. ಮಗಳ ಮಾತನ್ನೂ ತೆಗೆಯಲಿಲ್ಲ. ತೆಗೆದಿದ್ದರೆ ಅಲ್ಲಿದ್ದವರಿಗೆ ಸುಲಭವಾಗುತ್ತಿತ್ತೇನೋ. ಅಯ್ಯೋ ಪಾಪ ಎಂದು ಎದ್ದುಹೋಗಬಹುದಿತ್ತು. ಮೇಜರ್ ತಟ್ಟೆಯ ಕೇಕನ್ನು ನೋಡಿದರು. ನೊಣ ಓಡಿಸಿ, ಅದನ್ನು ನಿಧಾನವಾಗಿ, ಕೊನೆಯ ತುಣುಕಿನವರೆಗೆ ತಿಂದರು. ಉಳಿದವರೂ ತಿಂದರು. ನಾನೂ ತಿಂದೆ. ಅಷ್ಟು ಕಷ್ಟಪಟ್ಟು ನಾನು ಯಾವ ತಿಂಡಿಯನ್ನೂ ತಿಂದಿಲ್ಲ.

ತಿಂದಾದ ಮೇಲೆ ಮೇಜರ್ ಎದ್ದುನಿಂತು, "ನಾವು ಮೊದಲೇ ಬರಬೇಕಾಗಿತ್ತು" ಎಂದರು. ಅಷ್ಟೇ ಮಾತು. ಮಿಸೆಸ್ ಟಕರ್ ತಟ್ಟೆಗಳನ್ನು ಒಟ್ಟುಮಾಡುತ್ತ, "ಹೊಲದ ಬೇಲಿಯಿಂದ ಒಂದಿಷ್ಟು ಈಚೆಗೆ ಅಗೆಯಿರಿ, ಕೋಳಿಗಳಿಗೆ ನೆರಳು ಬೇಕು" ಎಂದರು. ಅದೇ ಒಪ್ಪಿಗೆ ಎಂದು ಅರ್ಥವಾಗಲು ಮಿಸ್ಟರ್ ಬೆಲ್‌ಗೆ ಸ್ವಲ್ಪ ಹೊತ್ತು ಹಿಡಿಯಿತು.

ಎಲ್ಲರೂ ಹೋದಮೇಲೆ ಆಕೆ ಕಪ್ಪು ತೊಳೆದರು, ನಾನು ಒರೆಸಿದೆ. ಒಂದು ಕಪ್ಪು ಕೈಯಲ್ಲಿ ಹಿಡಿದು ಆಕೆ ಸ್ವಲ್ಪ ಹೊತ್ತು ಹಾಗೇ ನಿಂತರು. ಬೆನ್ನು ನನ್ನ ಕಡೆಗಿತ್ತು. ಭುಜ ಅಲುಗುತ್ತಿತ್ತು. ನಾನು ಕಪ್ಪು ಒರೆಸುವುದನ್ನು ಮುಂದುವರಿಸಿದೆ.

ನಾನು ಹೊರಡುವ ಹೊತ್ತಿಗೆ ಹೊಲದಲ್ಲಿ ಗುಂಡಿಗಳ ಗೋಡೆ ಏಳುತ್ತಿತ್ತು. ಕೋಳಿಗಳು ಮಣ್ಣಿನ ರಾಶಿಯ ಮೇಲೆ ಹತ್ತಿ ಹುಳು ಕೆದಕುತ್ತಿದ್ದವು. ಬಸ್ಸಿನವರೆಗೆ ಬಂದ ಮಿಸೆಸ್ ಟಕರ್ ಕೈಕುಲುಕಿ, "ಆ ಹೆಂಗಸನ್ನು ಕೇಳಿ" ಎಂದರು. ಹೆಸರು ಹೇಳಲು ಬರುತ್ತಿರಲಿಲ್ಲ ಆಕೆಗೆ.

ಊರು

ಮಧುಗಿರಿಗೆ ಬಂದಿಳಿದಾಗ ಬೆಟ್ಟ ನೆತ್ತಿಯ ಮೇಲೆ ನಿಂತ ಹಾಗಿತ್ತು. ಹಸಿರು ಗುಡ್ಡಗಳನ್ನು ನೋಡಿ ಬಂದ ಕಣ್ಣಿಗೆ ಆ ಬೋಳುಬಂಡೆ ಎಷ್ಟು ಚೆಂದ ಕಂಡಿತು ಎಂದರೆ ನರಸಪ್ಪನ ಮುಂದೆ ಹೇಳಿಯೇಬಿಟ್ಟೆ. ಅವನು, "ಏಮಾಯ್ತು ಸಾರ್ ನಿಮಗೆ, ಮೊನ್ನೆ ತನಕ ಇಲ್ಲೇ ಇತ್ತಲ್ಲ ಅದು" ಎಂದ.

ಆ ವಾರವೇ ಈರಕ್ಕನ ಊರಿಗೆ ಹೋದೆ. ಹಳ್ಳ ಹಾಗೇ ಹರಿಯುತ್ತಿತ್ತು. ಆಕೆ ಜಗಲಿಯ ಮೇಲೆ ಉಣ್ಣೆ ಬಿಡಿಸುತ್ತ ಕೂತಿದ್ದಳು.

"ಏನ್ ಸಾಬ್ರೆ, ಸೀಮೆ ದೇಸಕ್ಕೆ ಹೋಗಿದ್ರಂತೆ. ಮತ್ತೆ ಹಗ್ಗ ತಂದ್ರಾ?"

"ಇಲ್ಲ ಈರಕ್ಕ. ನಿಮಗೆ ಏನು ಬೇಕು ಅಂತ ಕೇಳೋಕೆ ಬಂದೆ."

ಆಕೆ ನನ್ನನ್ನು ಅನುಮಾನದಿಂದ ನೋಡಿದಳು. ಅಡುಗೆಮನೆಯ ಟೀ, ಕೇಕಿನ ಕಥೆ ಹೇಳಿದೆ. ಪೂರಾ ಕೇಳಿ, "ಆಯಮ್ಮ ಭಾಳ ಒಳ್ಳೇಳು ಕಣ್ರಿ. ನಾನು ಅಷ್ಟು ಒಳ್ಳೇಳಲ್ಲ. ಮ್ಯಾಗ್ಲೋರು ಇಲ್ ಬಂದು ಕುಂತು ಎದ್ದೋದ್ರೆ ನಂಗೇನಾಯ್ತು?" ಎಂದಳು. ಉಣ್ಣೆಯ ಉಂಡೆಯನ್ನು ಪಕ್ಕಕ್ಕಿಟ್ಟಳು. "ರೊಪ್ಪ ಕೊಡ್ತೀನಿ ತಗಳಿ. ಆದ್ರೆ ಒಂದು ಮಾತು. ಗುಂಡಿ ನಮ್ಮೋರು ತೋಡಾಕಿಲ್ಲ, ಕೂಲಿಯೋರೂ ತೋಡಂಗಿಲ್ಲ. ಯಾರ ಬಚ್ಚಲು ನೀರೋ ಅವರೇ ಗುದ್ಲಿ ತಗಂಡ್ ಬಂದು ತೋಡ್ಲಿ."

ಮೇಲಿನ ಬೀದಿಯ ಗಂಡಸರು ಕೆಳಗಿನ ಬೀದಿಗೆ ಗುದ್ದಲಿ ಹಿಡಿದು ಬರುವುದು ಆ ಕಾಲದಲ್ಲಿ ಸಣ್ಣ ಮಾತಲ್ಲ. ಪಂಚಾಯಿತಿ ಛೇರ್ಮನ್ ಪುಟ್ಟಸ್ವಾಮಯ್ಯನವರ ಮನೆಗೆ ಹೋಗಿ, ಅವರ ಪಡಸಾಲೆಯಲ್ಲಿ ಕೂತು, ಹಾಗೆಯೇ ಹೇಳಿದೆ. ಅವರ ಮುಖ ಬಿಗಿಯಿತು. "ಶ್ರಮದಾನ ಅಂತ ಸರ್ಕಾರದೋರು ಫೋಟೊ ತೆಗೆಯೋಕೆ ಕರೆದ್ರೆ ಒಂದು ಬಾಂಡ್ಲಿ ಮಣ್ಣು ಹೊತ್ತಿದ್ದೀನಿ. ಇದು ಅಂಗಲ್ಲ ಸಾಬ್ರೆ. ಇದು ದಂಡ ಕಟ್ಟಿದಂಗೆ."

ಅಷ್ಟರಲ್ಲಿ ಒಳಗಿನಿಂದ ಅವರ ತಾಯಿ ಬಂದರು. ಬೆನ್ನು ಬಾಗಿದ, ಕಣ್ಣು ಮಂಜಾದ ಅಜ್ಜಿ. ಎಲ್ಲವನ್ನೂ ಕೇಳಿಸಿಕೊಂಡಿದ್ದರು.

"ಲೇ ಪುಟ್ಟಸ್ವಾಮಿ, ಆ ಕೂಸು ಹೋದಾಗ ಅವರ ಮನೆಮುಂದಕ್ಕೆ ಹೋಗ್ಬೇಕು ಅಂದೆ. ಕೊಚ್ಚೇಲಿ ಕಾಲಿಡಕ್ಕಾಗಲ್ಲ ಬಾರವ್ವ ಅಂತ ನೀನೇ ಕರ್ಕೊಂಡ್ ಬಂದೆ. ಆ ಕೊಚ್ಚೆ ಯಾರ್ದಪ್ಪ? ನಾ ದಿನಾ ಮೀಯೋ ನೀರು ಕಣ್ಲಾ ಅದು."

ಪುಟ್ಟಸ್ವಾಮಯ್ಯ ಎದ್ದು ಅಂಗಳಕ್ಕಿಳಿದರು. ಅಜ್ಜಿ ಒಳಗೆ ಹೋದರು. ನಾನು ಸೈಕಲ್ ಹತ್ತಿ ಹೊರಟುಬಿಟ್ಟೆ. ಆಗುವುದಿಲ್ಲ ಎಂದೇ ನನ್ನ ಮನಸ್ಸಿನಲ್ಲಿತ್ತು.

ಕೆಲವು ದಿನಗಳ ಮೇಲೆ ಛೇರ್ಮನ್ನರು ಹೇಳಿಕಳಿಸಿದರು. ಹೋಗಿ ನೋಡಿದರೆ ರೊಪ್ಪದ ಮುಳ್ಳುಬೇಲಿ ತೆಗೆದಿತ್ತು. ಪುಟ್ಟಸ್ವಾಮಯ್ಯ, ಅವರ ತಮ್ಮಂದಿರು, ಮೇಲಿನ ಬೀದಿಯ ಇನ್ನೂ ಕೆಲವರು ಪಂಚೆ ಎತ್ತಿಕಟ್ಟಿ ಅಗೆಯುತ್ತಿದ್ದರು. ಎಲ್ಲರೂ ಬಂದಿರಲಿಲ್ಲ. ಬಾರದವರು ಕೊನೆಯವರೆಗೂ ಬರಲಿಲ್ಲ, ಅವರಲ್ಲಿ ಇಬ್ಬರು ನನ್ನ ಮೇಲೆ ತುಮಕೂರಿಗೆ ಅರ್ಜಿಯನ್ನೂ ಬರೆದರು. ಕೆಳಗಿನ ಬೀದಿಯವರು ಕೈಕಟ್ಟಿ ನಿಂತು ನೋಡುತ್ತಿದ್ದರು. ನಾನೂ ಒಂದು ಹಾರೆ ಹಿಡಿದೆ. ಸಂಜೆಗೆ ಅಂಗೈ ತುಂಬ ಬೊಬ್ಬೆ. ಮಧ್ಯಾಹ್ನದ ಬಿಸಿಲಲ್ಲಿ ಈರಕ್ಕ ಒಂದು ದೊಡ್ಡ ಗಡಿಗೆ ಮಜ್ಜಿಗೆ ತಂದು ಬೇವಿನ ನೆರಳಲ್ಲಿ ಇಟ್ಟು, ದೂರ ಹೋಗಿ ನಿಂತಳು. ಪುಟ್ಟಸ್ವಾಮಯ್ಯ ಗುದ್ದಲಿ ಊರಿ ಹೋಗಿ ಮೊದಲು ತಾವು ಬಗ್ಗಿಸಿಕೊಂಡು ಕುಡಿದರು.

ತಿರುಗುವ ಕೊಳವೆಗಳನ್ನು ಎಲ್ಲಿಂದ ತರುವುದು? ಇದ್ದದ್ದರಲ್ಲೇ ಮಾಡಿದೆವು. ನೀರು ನಿಂತು ಗಸಿ ಇಳಿಯಲು ಒಂದು ಗುಂಡಿ, ಅದರ ಮುಂದೆ ಜಲ್ಲಿಕಲ್ಲು, ಮರಳು ತುಂಬಿದ ಉದ್ದನೆಯ ಹಾಸು, ಕೊನೆಗೆ ಬಾಳೆಯ ಪಾತಿ. ಹಳ್ಳವನ್ನು ಬೀದಿಯ ಹಿಂಭಾಗಕ್ಕೆ ತಿರುಗಿಸಿ ಕಲ್ಲು ಹಾಸಿದ ಮೋರಿ ಕಟ್ಟಿದೆವು. ಮೊದಲ ಮಳೆಗೆ ಒಂದು ಬದಿ ಕುಸಿಯಿತು, ಮತ್ತೆ ಕಟ್ಟಿದೆವು. ಡೆವನ್ನಿನಷ್ಟು ತಿಳಿಯಾದ ನೀರು ಅಲ್ಲಿ ಎಂದೂ ಬರಲಿಲ್ಲ. ಆದರೆ ಬಾವಿಯ ಪಕ್ಕದ ಮಡು ಒಣಗಿತು. ನಾನು ಅಲ್ಲಿ ಕೆಲಸದಲ್ಲಿದ್ದಷ್ಟು ಕಾಲ ಕೆಳಗಿನ ಬೀದಿಯಲ್ಲಿ ಮತ್ತೆ ವಾಂತಿಭೇದಿ ಕಾಣಲಿಲ್ಲ.

ಆಮೇಲೆ ಒಂದು ಬೆಳಿಗ್ಗೆ ಲಸಿಕೆಯ ಪೆಟ್ಟಿಗೆ ಹಿಡಿದು ಆ ಬೀದಿಗೆ ಹೋದೆ. ಹಳ್ಳ ಹರಿಯುತ್ತಿದ್ದ ನೆಲ ಒಣಗಿ ಗಟ್ಟಿಯಾಗಿತ್ತು. ಈರಕ್ಕನ ಬಾಗಿಲ ಮುಂದೆ ಸಗಣಿ ಸಾರಿಸಿ ರಂಗೋಲಿ ಹಾಕಿತ್ತು. ಆಕೆ 'ನಾನು ಮದುವೆಯಾಗಿ ಈ ಮನೆಗೆ ಬಂದ್ ಮ್ಯಾಕೆ ಬಾಗ್ಲಾಗೆ ರಂಗೋಲಿ ಹಾಕಿದ್ದು ಇದೇ ಮೊದ್ಲು' ಎಂದು ಪಕ್ಕದ ಮನೆಯವಳಿಗೆ ಹೇಳುತ್ತಿದ್ದಳು. ಗೆರೆಗಳು ಅಂಕುಡೊಂಕಾಗಿದ್ದವು, ರೂಢಿ ತಪ್ಪಿದ ಕೈ. ನಾನು ಪೆಟ್ಟಿಗೆಯ ಭಾರಕ್ಕೆ ಹೆಜ್ಜೆಯ ಮೇಲೆ ಗಮನವಿಲ್ಲದೆ ನೇರ ನಡೆದುಹೋಗುತ್ತಿದ್ದೆ.

"ತುಳೀಬ್ಯಾಡಿ ಸಾಬ್ರೆ," ಎಂದಳು ಈರಕ್ಕ. "ಅತ್ಲಾಗಿಂದ ಬಳಸ್ಕೊಂಡ್ ಬನ್ನಿ."

ನಾನು ಬಳಸಿಕೊಂಡು ಹೋದೆ.